ಮೇಲ್ ಸರ್ವರ್ ಬದಲಿಸುವಾಗ ಮೇಲ್ ಕಳೆದುಹೋಗುತ್ತದೆಯೇ?

ಪ್ರಶ್ನೆ: ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಸ್ವೀಕರಿಸುವ ತಂತ್ರಾಂಶ), ಡವ್‌ಕಾಟ್ (ಬಳಕೆದಾರರಿಗೆ ಅವರ ಮೇಲ್‌ಬಾಕ್ಸ್ ತೆರೆದುಕೊಡುವ ತಂತ್ರಾಂಶ) ಇರುವ ಹಳೆಯ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸಬೇಕಿದೆ. ಸೇವೆ ಹೆಚ್ಚು ಹೊತ್ತು ನಿಲ್ಲಬಾರದು, ಒಂದು ಮೇಲ್ ಕೂಡ ಕಳೆದುಹೋಗಬಾರದು. ಹೇಗೆ?

ಉತ್ತರ: ಸರ್ವರ್ ಸ್ವಲ್ಪ ಹೊತ್ತು ನಿಂತಿತು ಅಂದಮಾತ್ರಕ್ಕೆ ಮೇಲ್ ಕಳೆದುಹೋಗುವುದಿಲ್ಲ. ಉತ್ತರ ಸಿಗದಿದ್ದರೆ ಕಳಿಸುವ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲೇ (ಕಳಿಸಲು ಕಾದಿರುವ ಮೇಲ್‌ಗಳ ಸರದಿಯಲ್ಲೇ) ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಕನಿಷ್ಠ 4–5 ದಿನವಾದರೂ ಕೈಬಿಡಬಾರದು ಎನ್ನುತ್ತದೆ ಇಮೇಲ್ ಸಾಗಣೆಯ ನಿಯಮಗಳಿರುವ 2008ರ ದಾಖಲೆ ಆರ್‌ಎಫ್‌ಸಿ 5321. ಪೋಸ್ಟ್‌ಫಿಕ್ಸ್‌ನ ಡೀಫಾಲ್ಟ್ ಕೂಡ 5 ದಿನ. ನಿಜವಾಗಿ ಹೆದರಬೇಕಾದ್ದು ಅರೆಬರೆ ಸಿದ್ಧವಾದ ಸರ್ವರಿಗೆ. ಬಳಕೆದಾರರ ಪಟ್ಟಿ ಇನ್ನೂ ಬಂದಿರದ ಹೊಸ ಯಂತ್ರ ‘550, ಇಂಥವರಿಲ್ಲ’ ಎಂದುಬಿಟ್ಟರೆ ಆ ಮೇಲ್ ಅಲ್ಲಿಗೆ ಮುಗಿಯಿತು, ಮರುಯತ್ನ ಇರದು. ಅದಕ್ಕೇ ಮೊದಲ ಕೆಲವು ಗಂಟೆ ಹೊಸ ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಎಂಬ ಸೆಟ್ಟಿಂಗ್ ಆನ್ ಮಾಡಿಡಿ. 5ರಿಂದ ಶುರುವಾಗುವ ನಿರಾಕರಣೆಗಳು 4ರಿಂದ ಶುರುವಾಗುವ ‘ಆಮೇಲೆ ಬನ್ನಿ’ ಆಗುತ್ತವೆ.

ಮೊದಲು ಡಿಎನ್ಎಸ್, ಅಂದರೆ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಎಂಎಕ್ಸ್ ದಾಖಲೆ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು) ತೋರಿಸುವ ಹೆಸರಿನ ಟಿಟಿಎಲ್ (ಡಿಎನ್ಎಸ್ ಉತ್ತರವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 86400 ಸೆಕೆಂಡ್, ಅಂದರೆ ಒಂದು ದಿನ ಇದ್ದರೆ, ಒಂದು ದಿನಕ್ಕೂ ಮುಂಚೆಯೇ ಅದನ್ನು 300ಕ್ಕೆ ಇಳಿಸಿ. ಹಳೆಯ ಐಪಿಯನ್ನೇ ಹೊಸ ಯಂತ್ರಕ್ಕೆ ಕೊಡಲು ಸಾಧ್ಯವಾದರೆ ಈ ಗೋಜೇ ಬೇಡ. ಐಪಿ ಬದಲಾಗುವುದಾದರೆ ಪಿಟಿಆರ್ ದಾಖಲೆಗೆ (ಐಪಿಯಿಂದ ಹೆಸರು ಹೇಳುವುದು) ಐಪಿ ಕೊಟ್ಟವರನ್ನು ಬೇಗ ಕೇಳಿಕೊಳ್ಳಿ, ಅದು ಸಾಮಾನ್ಯವಾಗಿ ನಿಮ್ಮ ಕೈಯಲ್ಲಿರುವುದಿಲ್ಲ. ಎಸ್‌ಪಿಎಫ್‌ಗೆ (ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಹೊಸ ಐಪಿ ಸೇರಿಸಿ, ಡಿಕಿಮ್ ಕೀ (ಹೊರಹೋಗುವ ಮೇಲ್‌ಗೆ ಸಹಿ ಹಾಕುವುದು) ಮತ್ತು ಟಿಎಲ್ಎಸ್ ಸರ್ಟಿಫಿಕೇಟ್ (ಸಂಪರ್ಕವನ್ನು ಗುಪ್ತವಾಗಿಡಲು ಬೇಕಾದದ್ದು) ನಕಲಿಸಿ.

ಇನ್ನು ಮೇಲ್‌ಬಾಕ್ಸ್‌ಗಳು. ಮೇಲ್‌ಡಿರ್ (ಪ್ರತಿ ಮೇಲನ್ನೂ ಬೇರೆ ಬೇರೆ ಫೈಲಾಗಿ ಇಡುವ ವಿಧಾನ) ಆದರೆ ಬದಲಾದ ಫೈಲುಗಳನ್ನಷ್ಟೇ ನಕಲಿಸುವ ಆರ್‌ಸಿಂಕ್ ಸಾಕು. ಸರ್ವರ್ ಓಡುತ್ತಿರುವಾಗಲೇ ಒಮ್ಮೆ ಪೂರ್ತಿ ನಕಲಿಸಿ, ಮರುದಿನ ಇನ್ನೊಮ್ಮೆ. ಈ ಎರಡನೆಯ ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಸೇವೆ ನಿಲ್ಲುವ ಅವಧಿ ಹೆಚ್ಚುಕಡಿಮೆ ಅಷ್ಟೇ. ಲಕ್ಷಾಂತರ ಸಣ್ಣ ಫೈಲುಗಳಿದ್ದರೆ ಬದಲಾದದ್ದನ್ನು ಹುಡುಕುವುದಕ್ಕೇ ಸಮಯ ಹೋಗುತ್ತದೆ.

ಕೊನೆಯ ಸುತ್ತಿಗೆ ಹಳೆಯ ಯಂತ್ರದಲ್ಲಿ ಎರಡೂ ಸೇವೆ ನಿಲ್ಲಿಸಿ, ಡಿಲೀಟ್ ಆಯ್ಕೆಯೊಂದಿಗೆ (ಹಳೆಯದರಲ್ಲಿ ಇಲ್ಲದ ಫೈಲನ್ನು ಹೊಸದರಲ್ಲೂ ಅಳಿಸುವುದು) ಆರ್‌ಸಿಂಕ್ ಓಡಿಸಿ. ಮೇಲ್‌ಡಿರ್‌ನಲ್ಲಿ ‘ಓದಿದ್ದು’ ಎಂಬ ಗುರುತು ಫೈಲಿನ ಹೆಸರಿನಲ್ಲೇ ಇರುವುದರಿಂದ, ಈ ಆಯ್ಕೆ ಬಿಟ್ಟರೆ ಒಂದೇ ಮೇಲ್ ಎರಡೆರಡು ಸಲ ಕಾಣುತ್ತದೆ. ಆದರೆ ಹೊಸ ಸರ್ವರ್ ಮೇಲ್ ಸ್ವೀಕರಿಸಲು ಶುರುಮಾಡಿದ ಮೇಲೆ ಇದೇ ಆದೇಶವನ್ನು ಅಪ್ಪಿತಪ್ಪಿಯೂ ಓಡಿಸಬೇಡಿ, ಆಗಷ್ಟೇ ಬಂದ ಮೇಲ್‌ಗಳು ಅಳಿಸಿಹೋಗುತ್ತವೆ. ಡವ್‌ಕಾಟ್‌ನ ಯುಐಡಿ ಪಟ್ಟಿಯ (ಪ್ರತಿ ಮೇಲ್‌ಗೂ ಕೊಟ್ಟ ಗುರುತಿನ ಸಂಖ್ಯೆಗಳ) ಫೈಲುಗಳೂ ಜೊತೆಗೇ ಹೋಗಲಿ. ಅವು ತಪ್ಪಿದರೆ ಪ್ರತಿಯೊಬ್ಬರ ಮೇಲ್ ಆ್ಯಪ್ ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡಲು ಹೊರಡುತ್ತದೆ, ಹೊಸ ಯಂತ್ರ ಮೊದಲ ದಿನವೇ ಏದುಸಿರು ಬಿಡುತ್ತದೆ.

ನಕಲು ಮುಗಿದೊಡನೆ ಡಿಎನ್ಎಸ್ ಬದಲಿಸಿ, ಹೊಸ ಸರ್ವರ್ ತೆರೆಯಿರಿ. ಹಳೆಯದರಲ್ಲಿ ಹೊರಗಿನಿಂದ ಬರುವ 25, 587, 993 ಪೋರ್ಟ್‌ಗಳನ್ನು (ಮೇಲ್ ಬರುವ, ಬಳಕೆದಾರರು ಕಳಿಸುವ, ಓದುವ ದಾರಿಗಳು) ಫೈರ್‌ವಾಲ್‌ನಲ್ಲಿ ಮುಚ್ಚಿ. ಹಳೆಯ ವಿಳಾಸಕ್ಕೇ ಬಂದವರು ಬಾಗಿಲು ತಟ್ಟಿ, ಆಮೇಲೆ ಹೊಸ ವಿಳಾಸ ಹುಡುಕಿಕೊಂಡು ಬರುತ್ತಾರೆ. ಎರಡೂ ಕಡೆ ತೆರೆದಿಟ್ಟರೆ ಮಾತ್ರ ಮೇಲ್ ಅಲ್ಲೊಂದು ಇಲ್ಲೊಂದು ಬಿದ್ದು, ಜೋಡಿಸುವಷ್ಟರಲ್ಲಿ ಸಾಕಾಗುತ್ತದೆ.

ಹಳೆಯ ಕ್ಯೂನಲ್ಲಿ ಹೊರಹೋಗಬೇಕಾದ ಮೇಲ್ ಇದ್ದರೆ ಅದನ್ನು ನಕಲಿಸಲು ಹೋಗಬೇಡಿ. ಅಲ್ಲಿ ಪೋಸ್ಟ್‌ಫಿಕ್ಸನ್ನು ಮತ್ತೆ ಓಡಿಸಿ, ತಾನಾಗಿ ಖಾಲಿಯಾಗಲಿ. ಅದಕ್ಕೂ ಮೊದಲು ಟ್ರಾನ್ಸ್‌ಪೋರ್ಟ್ ಮ್ಯಾಪ್‌ನಲ್ಲಿ (ಯಾವ ಡೊಮೇನಿನ ಮೇಲ್ ಎಲ್ಲಿಗೆ ಹೋಗಬೇಕೆಂಬ ಪೋಸ್ಟ್‌ಫಿಕ್ಸ್ ಪಟ್ಟಿ) ನಿಮ್ಮ ಡೊಮೇನನ್ನು ಹೊಸ ಸರ್ವರಿನತ್ತ ತಿರುಗಿಸಿರಬೇಕು, ಇಲ್ಲದಿದ್ದರೆ ‘ಮೇಲ್ ತಲುಪಲಿಲ್ಲ’ ಎಂಬ ಬೌನ್ಸ್ ಸೂಚನೆಗಳು ಯಾರೂ ನೋಡದ ಹಳೆಯ ಮೇಲ್‌ಬಾಕ್ಸಿಗೇ ಬೀಳುತ್ತವೆ. ಕ್ಯೂ ಖಾಲಿಯಾಗಲು 5 ದಿನವೂ ಹಿಡಿಯಬಹುದು, ಅಲ್ಲಿಯವರೆಗೆ ಹಳೆಯ ಯಂತ್ರದ ಪ್ಲಗ್ ಕೀಳಬೇಡಿ.