ಮಾಟಕ್ಕೆ ಮರಣದಂಡನೆಯಿದ್ದ ನಾಡಿನಲ್ಲಿ ಮದ್ದಿನ ಕಲ್ಲುಗಳು ಉಳಿದದ್ದು ಹೇಗೆ?

ಪ್ರಶ್ನೆ: ಎಡಿನ್‌ಬರೊದ ಸ್ಕಾಟ್ಲೆಂಡ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ತಾಯಿತದಂತೆ ಬಳಸುತ್ತಿದ್ದ ಹರಳು, ಕಲ್ಲುಗಳಿವೆ. ಮಾಟ ಮಾಡಿದವರನ್ನು ಕೊಲ್ಲುತ್ತಿದ್ದ ದೇಶದಲ್ಲಿ ಜನ ಇವನ್ನು ಹೇಗೆ ಇಟ್ಟುಕೊಂಡರು?

ಉತ್ತರ: ಕಲ್ಲು ಯಾರ ಕೈಯಲ್ಲಿತ್ತು, ಅದನ್ನು ನೀರಿಗೆ ಅದ್ದುವಾಗ ಬಾಯಿಂದ ಮಂತ್ರ ಹೊರಟಿತೇ ಎಂಬುದೇ ಮುಖ್ಯವಾಗಿತ್ತು.

ಇದನ್ನು ಚೆನ್ನಾಗಿ ತೋರಿಸುವುದು ‘ಲೀ ಪೆನ್ನಿ’. ಇದು ವಸ್ತುಸಂಗ್ರಹಾಲಯದ್ದಲ್ಲ, ಲಾಕ್‌ಹಾರ್ಟ್ ಮನೆತನದ ಸ್ವತ್ತು: ನಾಲ್ಕನೆಯ ಎಡ್ವರ್ಡ್ ದೊರೆಯ ಬೆಳ್ಳಿ ನಾಣ್ಯದಲ್ಲಿ ಕೂರಿಸಿದ ಕೆಂಪು ಹರಳು. ಅದನ್ನು ಅದ್ದಿದ ನೀರನ್ನು ಕಾಯಿಲೆ ಬಿದ್ದ ದನಗಳಿಗೆ ಕುಡಿಸುತ್ತಿದ್ದರು. 17ನೆಯ ಶತಮಾನದಲ್ಲಿ ಗ್ಲಾಸ್ಗೊದ ಚರ್ಚ್ ಸಭೆಗೆ ದೂರು ಹೋಯಿತು. ಪಾದ್ರಿಗಳು ವಿಚಾರಿಸಿದರು, ಕಲ್ಲನ್ನು ಸುಮ್ಮನೆ ನೀರಿಗೆ ಹಾಕುತ್ತಾರೆ, ಯಾವ ಮಾತನ್ನೂ ಉಚ್ಚರಿಸುವುದಿಲ್ಲ ಎಂದು ಗೊತ್ತಾಯಿತು. ಮನುಷ್ಯನ ಬುದ್ಧಿಗೆ ಎಟುಕದ ಗುಣಗಳು ಪ್ರಕೃತಿಯಲ್ಲಿ ಎಷ್ಟೋ ಇವೆ ಎಂದು ಹೇಳಿ, ಜನರ ಬಾಯಿಗೆ ಬೀಳದಂತೆ ಬಳಸಿರೆಂದು ಯಜಮಾನನಿಗೆ ಬುದ್ಧಿಮಾತು ಹೇಳಿ ಬಿಟ್ಟುಬಿಟ್ಟರು. ಆ ಯಜಮಾನ ಸರ್ ಪದವಿಯ ಜಮೀನ್ದಾರ. ಈ ಔದಾರ್ಯ ಬಡ ಹೆಂಗಸಿಗೂ ಸಿಗುತ್ತಿತ್ತೆಂದು ನಾನು ನಂಬಲಾರೆ.

ಏಕೆಂದರೆ, 1563ರಿಂದ 1736ರವರೆಗೆ ಜಾರಿಯಲ್ಲಿದ್ದ ಮಾಟದ ಕಾನೂನಿನಡಿ ಆರೋಪ ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರೇ. 1662ರಲ್ಲಿ ಆಲ್ಡರ್ನ್ ಊರಿನ ಇಸೊಬೆಲ್ ಗೌಡಿ ಕೊಟ್ಟ ತಪ್ಪೊಪ್ಪಿಗೆಯಲ್ಲಿ ‘ಎಲ್ಫ್ ಬಾಣ’ಗಳ ಮಾತು ಬರುತ್ತದೆ: ಸೈತಾನನೇ ಅವನ್ನು ಕೈಯಾರೆ ರೂಪಿಸುತ್ತಿದ್ದನಂತೆ. ಅವು ವಾಸ್ತವವಾಗಿ ಸಾವಿರಾರು ವರ್ಷಗಳ ಹಿಂದಿನ ಜನ ಚಕಮಕಿ ಕಲ್ಲಿನಿಂದ ಕೆತ್ತಿದ ಬಾಣದ ಮೊನೆಗಳು. ಉಳುವಾಗ ನೆಲದಲ್ಲಿ ಸಿಕ್ಕರೆ, ಎಲ್ಫ್ ಎಂಬ ಅಗೋಚರ ಜನ ದನಗಳ ಮೇಲೆ ಎಸೆದದ್ದೆಂದು ರೈತರು ತಿಳಿಯುತ್ತಿದ್ದರು. ಅಂಥದೇ ಮೊನೆಗೆ ಬೆಳ್ಳಿಯ ಕಟ್ಟು ಹಾಕಿಸಿ ಕೊರಳಿಗೆ ರಕ್ಷೆಯಾಗಿ ಧರಿಸಿದವರೂ ಇದ್ದರು. ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಣಬಹುದು.

ಕ್ಯಾಂಬೆಲ್ ಮನೆತನದ ಗ್ಲೆನಾರ್ಕಿ ಹರಳೂ ಅಲ್ಲೇ ಇದೆ. ಬೆಳ್ಳಿಯಲ್ಲಿ ಕೂರಿಸಿದ ಸ್ಫಟಿಕ. ಮೂಲಪುರುಷ ಸರ್ ಕಾಲಿನ್ ಅದನ್ನು ರೋಡ್ಸ್ ದ್ವೀಪದ ಯುದ್ಧದಲ್ಲಿ ಧರಿಸಿದ್ದನೆಂದು 1640ರ ಮನೆಯ ಆಸ್ತಿಪಟ್ಟಿ ಹೇಳುತ್ತದೆ.

ಹಳ್ಳಿಯವರ ಕಲ್ಲುಗಳಿಗೆ ಬೆಳ್ಳಿಯೂ ಇರಲಿಲ್ಲ, ವಂಶಾವಳಿಯೂ ಇರಲಿಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಅಮೊನೈಟ್ ಎಂಬ ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿಯ ಪಳೆಯುಳಿಕೆಯನ್ನು ಕೆಲವು ಗಂಟೆ ನೆನೆಹಾಕಿ, ಆ ನೀರಿನಿಂದ ಹಸುವಿನ ಸೆಟೆದ ಕಾಲನ್ನು ತೊಳೆಯುತ್ತಿದ್ದರೆಂದು ಅಲ್ಲಿಯವನೇ ಆದ ಲೇಖಕ ಮಾರ್ಟಿನ್ ಮಾರ್ಟಿನ್ 1703ರಲ್ಲಿ ಬರೆದಿದ್ದಾನೆ. ನಮ್ಮ ದೇವರ ಕೋಣೆಯಲ್ಲಿ ಅಭಿಷೇಕಗೊಂಡು ತೀರ್ಥ ಕೊಡುವ ಸಾಲಿಗ್ರಾಮವೂ ಅಮೊನೈಟ್ ಪಳೆಯುಳಿಕೆಯೇ.