ಜಿ ತಂತಿ ಮಾತ್ರ ಶ್ರುತಿ ಬಿಟ್ಟರೆ: ಎಲೆಕ್ಟ್ರಿಕ್ ಗಿಟಾರ್ ಟಿಪ್ಪಣಿ

ಕಾರವಾರದ ಮಳೆಗಾಲದಲ್ಲಿ ಗಿಟಾರ್ ಶ್ರುತಿ ತಪ್ಪಿದರೆ ಎಲ್ಲರೂ ಮೊದಲು ಹವೆಯನ್ನೇ ದೂರುತ್ತಾರೆ. ಹವೆಯ ಪಾಲು ಇದ್ದೇ ಇದೆ, ಆದರೆ ಅದರ ಕೆಲಸ ನಿಧಾನ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಸ್ವಲ್ಪ ಸರಿದಿರುತ್ತದೆ, ಹೆಚ್ಚಾಗಿ ಆರೂ ತಂತಿಗಳಲ್ಲಿ. ಒಂದು ಬೆಂಡ್ ಮಾಡಿದ (ಒತ್ತಿದ ತಂತಿಯನ್ನು ಬೆರಳಿಂದ ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದ) ಕೂಡಲೇ ಜಿ ತಂತಿ, ಅಂದರೆ ತೆಳು ಕಡೆಯಿಂದ ಮೂರನೆಯದು, ಮಾತ್ರ ಇಳಿಯಿತು ಅಂದರೆ ಕಾರಣ ಬೇರೆ. ತಂತಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ಜಾರುತ್ತಿದೆ.

ಹೊಸ ತಂತಿಯನ್ನು ಕೈಯಿಂದ ಮೆಲ್ಲಗೆ ಎಳೆದು ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೆ. ಬಿರಡೆಯ ಕಂಬಕ್ಕೆ ಎರಡು ಮೂರು ಸುತ್ತು ಸಾಕು, ಒಂದರ ಮೇಲೊಂದು ಹತ್ತಬಾರದು. ಇಷ್ಟು ಎಲ್ಲರಿಗೂ ಗೊತ್ತು.

ನನ್ನ ತಲೆ ತಿಂದದ್ದು ನಟ್, ಅಂದರೆ ಕತ್ತಿನ ತುದಿಯಲ್ಲಿ, ಬಿರಡೆಗಳಿಗೆ ಮುಂಚೆ, ತಂತಿಗಳು ಕೂರುವ ಸಣ್ಣ ಪಟ್ಟಿ. ನಟ್‌ನ ಎರಡೂ ಕಡೆ ಇರುವುದು ಒಂದೇ ತಂತಿ, ಆದರೆ ಬಿಗಿ ಎರಡೂ ಕಡೆ ಒಂದೇ ಇರಬೇಕೆಂದಿಲ್ಲ. ನಟ್‌ನಲ್ಲಿ ತಂತಿ ಕೂರಲು ಕೊರೆದ ಗಾಡಿ (ಸೀಳು) ಇಕ್ಕಟ್ಟಾಗಿದ್ದರೆ ಅದು ತಂತಿಯನ್ನು ಹಿಡಿದುಕೊಳ್ಳುತ್ತದೆ. ಬೆಂಡ್ ಮಾಡಿದಾಗ ನುಡಿಯುವ ಕಡೆ ಬಿಗಿ ಹೆಚ್ಚಾಗಿ, ಬಿರಡೆ ಕಡೆಯಿಂದ ಕೂದಲೆಳೆಯಷ್ಟು ತಂತಿ ಈಚೆ ಬರುತ್ತದೆ. ಬೆರಳು ಬಿಟ್ಟಾಗ ಅದು ವಾಪಸ್ ಹೋಗಬೇಕು. ಗಾಡಿ ಬಿಡುವುದಿಲ್ಲ. ಈಚೆ ತಂತಿ ಜಾಸ್ತಿ ಆಯಿತು, ಬಿಗಿ ಕಡಿಮೆಯಾಯಿತು, ಸ್ವರ ಇಳಿಯಿತು.

ಟ್ರೆಮೊಲೊ ಕೋಲನ್ನು (ಸೇತುವೆಗೆ ಜೋಡಿಸಿದ, ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸುವ ಹಿಡಿಕೆ) ಕೆಳಗೆ ಒತ್ತಿದರೆ ಇದೇ ಸಂಗತಿ ತಿರುಗಿ ನಡೆಯುತ್ತದೆ. ಈಚೆ ಸಡಿಲವಾದಾಗ ತಂತಿ ಬಿರಡೆ ಕಡೆಗೆ ಸರಿದು ಅಲ್ಲೇ ಉಳಿಯುತ್ತದೆ. ಕೋಲು ಬಿಟ್ಟ ಮೇಲೆ ಸ್ವರ ಏರಿರುತ್ತದೆ. ಬೆಂಡ್ ಮಾಡಿದರೆ ಇಳಿಯುತ್ತದೆ, ಕೋಲು ಒತ್ತಿದರೆ ಏರುತ್ತದೆ. ಈ ಜೋಡಿ ಕಂಡರೆ ನಾನು ಮೊದಲು ನಟ್ ಮೇಲೇ ಅನುಮಾನ ಪಡುತ್ತೇನೆ.

ಖಚಿತ ಮಾಡಿಕೊಳ್ಳಲು ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ಬೆಂಡ್ ಆದ ಮೇಲೆ ಸ್ವರ ಇಳಿದಿದೆ ಅಲ್ವಾ? ಬಿರಡೆ ಮುಟ್ಟಬೇಡಿ. ನಟ್ ಮತ್ತು ಬಿರಡೆಯ ನಡುವಿನ ತಂತಿಯನ್ನು ಬೆರಳಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ಜಾಗಕ್ಕೆ ಬಂದರೆ ತಂತಿ ನಟ್‌ನಲ್ಲೇ ಸಿಕ್ಕಿತ್ತು. ಇಳಿದಂತೆಯೇ ಉಳಿದರೆ ಕಂಬದಲ್ಲಿ ಜಾರಿದೆ, ಅಥವಾ ಹೊಸ ತಂತಿ ಇನ್ನೂ ಹಿಗ್ಗುತ್ತಿದೆ. ಬಿರಡೆ ತಿರುಗಿಸುವಾಗ ಟಿಣ್ ಅಂತ ಸದ್ದು ಬಂದು ಸ್ವರ ಹಾರಿದರೆ ಪರೀಕ್ಷೆಯೇ ಬೇಡ, ಸಿಕ್ಕಿರುವುದು ನಟ್‌ನಲ್ಲೇ. ಸುಮ್ನೆ ದುಬಾರಿ ಲಾಕಿಂಗ್ ಬಿರಡೆಗೆ ಹಣ ಹಾಕುವ ಮೊದಲು ಕಾರಣ ಎಲ್ಲಿದೆ ಅಂತ ಹೀಗೆ ನೋಡಲೇಬೇಕು. ಲಾಕಿಂಗ್ ಬಿರಡೆ ಕಂಬದಲ್ಲಿ ಜಾರುವುದನ್ನು ತಡೆಯುತ್ತದೆ, ನಟ್‌ನ ಹಿಡಿತವನ್ನು ಬಿಡಿಸುವುದಿಲ್ಲ.

ಎರಡೂ ಬದಿಗೆ ಮೂರು-ಮೂರು ಬಿರಡೆ ಇರುವ ಗಿಟಾರ್ ತಲೆಯಲ್ಲಿ ಡಿ ಮತ್ತು ಜಿ ತಂತಿಗಳು ನಟ್ ದಾಟಿ ಪಕ್ಕಕ್ಕೆ ಹೆಚ್ಚು ತಿರುಗುತ್ತವೆ. ಅದಕ್ಕೇ ಅವು ಜಾಸ್ತಿ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಕಾರಣ ತಂತಿಯ ದಪ್ಪ. ತಂತಿ ಸೆಟ್‌ಗೆ ಅದರ ಅತಿ ತೆಳು ತಂತಿಯ ದಪ್ಪದ ಹೆಸರು: 9 ಅಂದರೆ 0.009 ಇಂಚು. ಸಾಮಾನ್ಯ 9ರ ಸೆಟ್‌ನಲ್ಲಿ ಡಿ ತಂತಿ 0.024 ಇಂಚು, 10ರ ಸೆಟ್‌ನಲ್ಲಿ 0.026. ತೆಳು ತಂತಿಗೆ ಕೊರೆದ ಗಾಡಿಯಲ್ಲಿ ದಪ್ಪದ್ದು ಕಚ್ಚಿಕೊಳ್ಳುತ್ತದೆ.

ಮೊದಲ ಮದ್ದು 2ಬಿ ಪೆನ್ಸಿಲ್. ತಂತಿ ಎತ್ತಿ, ಗಾಡಿಯಲ್ಲಿ ಸೀಸ ಚೆನ್ನಾಗಿ ಉಜ್ಜಿ. ಅದಕ್ಕೂ ಬಗ್ಗದಿದ್ದರೆ ಗಾಡಿಯ ಅಗಲವನ್ನು ಸ್ವಲ್ಪವೇ ಬಿಡಿಸಬೇಕು. ತಳ ಮುಟ್ಟಬಾರದು. ಆಳವಾದರೆ ಖಾಲಿ ತಂತಿ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಾಗಿ ಜರ್ರ್ ಎನ್ನುತ್ತದೆ. ಆಮೇಲೆ ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ. ಏರಿಹೋದರೆ ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ.

ಈಗ ಹವೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಉಪ್ಪುಗಾಳಿ ತಂತಿಯನ್ನು ಬೇಗ ತಿನ್ನುತ್ತದೆ. ಫ್ರೆಟ್ ಮೇಲೆ ಕೂರುವ ಜಾಗದಲ್ಲಿ ತಂತಿಯ ಅಡಿಗೆ ಉಗುರು ಎಳೆದು ನೋಡಿ. ತರಿತರಿ ಅನಿಸಿದರೆ ತಂತಿ ಬದಲಿಸುವ ಹೊತ್ತಾಯಿತು. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿದರೆ ಬಾಳಿಕೆ ಹೆಚ್ಚು. ಶಿರಸಿಯವರಿಗೆ ಉಪ್ಪಿನ ಕಾಟ ಕಡಿಮೆ, ತೇವದ್ದೇ ಜಾಸ್ತಿ. ಕಪಾಟಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಊರಲ್ಲಿ ಗಿಟಾರಿನ ಮರ ತೇವ ಎಳೆಯದೆ ಇರುತ್ತದಾ? ಕತ್ತಿನ ಬಾಗು ಬದಲಾಗಬಹುದು. ಹಾಗಂತ ಟ್ರಸ್ ರಾಡ್‌ಗೆ (ಬಾಗು ಸರಿಪಡಿಸಲು ಕತ್ತಿನೊಳಗೆ ಇರುವ ಲೋಹದ ಸಲಾಕೆಗೆ) ಆತುರದಲ್ಲಿ ಕೈ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಿಟಾರನ್ನು ಕೇಸಿನಲ್ಲಿ ಕೆಲ ದಿನ ಇಟ್ಟು, ಆಮೇಲೆ ಬಾಗು ನೋಡಿ.