ನಾಯಿಮರಿ ಬರುವ ಮುಂಚೆ ನೆಲದ ಮೇಲೆ ಕೂತು ನೋಡಿ

ಎರಡು ತಿಂಗಳ ನಾಯಿಮರಿಗೆ ಬಾಯಿಯೇ ಕೈ. ಸಿಕ್ಕಿದ್ದನ್ನು ಕಚ್ಚಿ, ನೆಕ್ಕಿ, ಕೆಲವೊಮ್ಮೆ ನುಂಗಿಯೇ ಅದು ಏನೆಂದು ತಿಳಿಯುತ್ತದೆ. ನಾಲ್ಕು ತಿಂಗಳ ಹೊತ್ತಿಗೆ 28 ಹಾಲುಹಲ್ಲುಗಳು ಉದುರತೊಡಗಿ ಒಸಡು ನವೆಯುವಾಗಂತೂ ಚಪ್ಪಲಿ, ಚಾರ್ಜರ್ ವೈರು ಯಾವುದೂ ಉಳಿಯದು. ಹಾಗಾಗಿ ಮರಿ ತರುವ ಮುಂಚೆ ನೆಲಕ್ಕೆ ಕೂತು ಮಂಚದಡಿ, ಫ್ರಿಜ್ ಹಿಂದೆ, ಸೋಫಾ ಸಂದಿಗೆ ಟಾರ್ಚ್ ಬಿಟ್ಟು ನೋಡಿ.

ಮೊದಲು ಹುಡುಕಬೇಕಾದ್ದು ಎಂದೋ ಇಟ್ಟು ಮರೆತ ಇಲಿ ಪಾಷಾಣ. ಬ್ರೋಮಡಿಯೋಲೋನ್ ಕೇಕಾದರೆ ತಿಂದ ದಿನ ಮರಿ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ. ಆ ವಿಷ ಮಾಡುವುದಿಷ್ಟೇ: ಯಕೃತ್ತು ವಿಟಮಿನ್ ಕೆಯನ್ನು ಮತ್ತೆ ಮತ್ತೆ ಬಳಸುವ ದಾರಿ ಮುಚ್ಚುತ್ತದೆ. ಅದಿಲ್ಲದೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೊಸದಾಗಿ ತಯಾರಾಗವು. ಹಳೆಯವು ಮೈಯಲ್ಲಿ ಉಳಿದಿರುವ ತನಕ ಏನೂ ಗೊತ್ತಾಗದು. ಅವು ಮುಗಿದಾಗ, ಸಾಮಾನ್ಯವಾಗಿ 3–5 ದಿನಕ್ಕೆ, ಒಸಡು ಬಿಳಿಚುತ್ತದೆ, ಏದುಸಿರು ಬರುತ್ತದೆ, ಒಳಗೇ ರಕ್ತಸ್ರಾವ. ಜಿಂಕ್ ಫಾಸ್ಫೈಡ್ ಪುಡಿಯ ಲೆಕ್ಕವೇ ಬೇರೆ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಹುಟ್ಟಿ ಗಂಟೆಗಳಲ್ಲೇ ಜೀವಕ್ಕೆ ಕುತ್ತು. ಮೊದಲನೆಯದಕ್ಕೆ ವಾರಗಟ್ಟಲೆ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು, ಎರಡನೆಯದಕ್ಕೆ ಪ್ರತಿವಿಷವಿಲ್ಲ. ಆದ್ದರಿಂದಲೇ ಪಶುವೈದ್ಯರ ಹತ್ತಿರ ಓಡುವಾಗ ಪೊಟ್ಟಣದ ಕವರು ಕೈಯಲ್ಲಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಗೋಜಿಗೆ ಹೋಗಬೇಡಿ, ಆ ಉಪ್ಪೇ ವಿಷವಾದೀತು.

ಅಡುಗೆಮನೆಯಲ್ಲಿ ಚಾಕೊಲೇಟು, ಈರುಳ್ಳಿ, ಒಣದ್ರಾಕ್ಷಿ ಎಟುಕಬಾರದೆಂದು ಬಹಳ ಜನಕ್ಕೆ ಗೊತ್ತು. ಹುಣಸೆಹಣ್ಣು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುವುದೇಕೆ ಎಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಹುಣಸೆಯ ಹುಳಿಯೂ ಅದರದ್ದೇ. ಉಳಿದ ಸಾರು-ಅನ್ನ ಮರಿಯ ತಟ್ಟೆಗೆ ಸುರಿಯುವ ರೂಢಿ ಬಿಡುವುದು ಲೇಸು.

ಮನೆಯಲ್ಲಿ ಹಿಂದೊಂದು ಮರಿ ಪಾರ್ವೊ ಎಂಬ ವೈರಸ್ ರೋಗದಿಂದ ಸತ್ತಿದ್ದರೆ ಫಿನಾಯಿಲ್ ನಂಬಬೇಡಿ. ಆ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿಲ್ಲ, ಫಿನಾಯಿಲ್ ಅದಕ್ಕೆ ನಾಟುವುದಿಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮೊದಲು ಸೋಪುನೀರಲ್ಲಿ ನೆಲ ತೊಳೆದು, ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ದ್ರಾವಣ ಬೆರೆಸಿ ಸವರಿ, 10 ನಿಮಿಷ ಒದ್ದೆಯಾಗಿಯೇ ಇರಲಿ. ಆಮೇಲೆ ನೀರು ಹಾಕಿ ತೊಳೆಯಿರಿ. ಬ್ಲೀಚಿಗೆ ಟಾಯ್ಲೆಟ್ ಆ್ಯಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಲಸಿಕೆಯ ಸರಣಿ 16 ವಾರಕ್ಕೆ ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಹೋಗಿ.

ಇನ್ನು ನೆಲ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಮರಿಯ ಹಿಂಗಾಲು ಆಚೀಚೆ ಜಾರುವುದು ನೋಡಲು ತಮಾಷೆ, ಬೆಳೆಯುವ ಕೀಲಿಗೆ ಅಲ್ಲ. ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ತಳಿಗಳ ಮೇಲೆ ನಾರ್ವೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚು ಕಂಡಿತು. ಮೆಟ್ಟಿಲಿಗೆ ಅಡ್ಡ ಹಲಗೆ ಕಟ್ಟಿ. ಮರಿ ಓಡಾಡುವ ದಾರಿಗೆ, ಮುಖ್ಯವಾಗಿ ಊಟದ ತಟ್ಟೆಯ ಮುಂದೆ, ರಬ್ಬರ್ ಚಾಪೆ ಹಾಸಿ. ದಾರ ಬಿಟ್ಟ ಗೋಣಿಚೀಲ ಬೇಡ: ಉದ್ದನೆಯ ದಾರ ಹೊಟ್ಟೆಗೆ ಹೋದರೆ ಕರುಳು ಅದರ ಸುತ್ತ ಲಂಗದ ನೆರಿಗೆಯಂತೆ ಮುದುಡಿಕೊಳ್ಳುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ.